ಮೆದುಳು ಜ್ವರ: ನಮ್ಮೂರಿನ ಅಪಾಯದ ನಕ್ಷೆ ನಾವೇ ಬರೆಯೋಣ



ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಈ ಸಲದ ಸಭೆಯಲ್ಲಿ ಒಂದು ಗಂಟೆಯನ್ನು ಈ ಪಾಠಕ್ಕೆ ಇಟ್ಟುಕೊಳ್ಳಿ. ನಮ್ಮಲ್ಲಿ ಹಲವರು ಸಂಘದ ಸಾಲದಿಂದ ಹಂದಿ ಸಾಕುತ್ತೇವೆ, ಹಲವರು ಭತ್ತದ ಗದ್ದೆಯಲ್ಲಿ ದುಡಿಯುತ್ತೇವೆ. ಇವೆರಡಕ್ಕೂ ನಂಟಿರುವ ಒಂದು ಕಾಯಿಲೆ ಇದೆ. ಅದೇ ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಮೆದುಳು ಜ್ವರ. ನಮ್ಮ ರಾಜ್ಯದಲ್ಲಿ 1970ರ ದಶಕದ ಕೊನೆಯಿಂದಲೂ ಕೋಲಾರ, ಮಂಡ್ಯ ಜಿಲ್ಲೆಗಳಲ್ಲಿ ಇದು ಮಕ್ಕಳನ್ನು ಕಾಡಿದೆ.

ಹೇಗೆ ಹರಡುತ್ತೆ?

ಈ ವೈರಸ್ ಬೆಳ್ಳಕ್ಕಿ, ಕೊಕ್ಕರೆಯಂಥ ನೀರುಹಕ್ಕಿಗಳಲ್ಲಿ ಇರುತ್ತದೆ. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಕ್ಕಿಯನ್ನು ಕಚ್ಚಿ, ಆಮೇಲೆ ಹಂದಿಯನ್ನು ಕಚ್ಚುತ್ತದೆ. ಹಂದಿಯ ರಕ್ತದಲ್ಲಿ ವೈರಸ್ ಬಹಳ ಹೆಚ್ಚುತ್ತದೆ. ಅಲ್ಲಿಂದ ಸೊಳ್ಳೆಯೇ ಅದನ್ನು ಮನುಷ್ಯರಿಗೆ ತರುತ್ತದೆ. ದನಗಳನ್ನೂ ಸೊಳ್ಳೆ ಕಚ್ಚುತ್ತೆ, ಆದರೆ ಅವುಗಳಿಂದ ಸೊಳ್ಳೆಗೆ ರೋಗ ಅಂಟುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೂ ಹರಡುವುದಿಲ್ಲ. ಚೆನ್ನಾಗಿ ಬೇಯಿಸಿದ ಹಂದಿ ಮಾಂಸದಿಂದಲೂ ಬರುವುದಿಲ್ಲ.

ಸೋಂಕು ತಗುಲಿದವರಲ್ಲಿ ಸುಮಾರು 250ರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಜೋರಾಗುತ್ತದೆ. ಆದರೆ ಮೆದುಳಿಗೆ ಬಾವು ಬಂದರೆ ನೂರಕ್ಕೆ 30ರವರೆಗೆ ಸಾವು ಆಗಬಹುದು. ಉಳಿದವರಲ್ಲಿ ಕೆಲವರಿಗೆ ಜೀವನಪೂರ್ತಿ ಅಂಗವೈಕಲ್ಯ. ಇದನ್ನು ಗುಣಪಡಿಸುವ ಔಷಧಿ ಇಲ್ಲ, ತಡೆಯುವ ಲಸಿಕೆ ಇದೆ.

ಹಂದಿ ಮೊದಲೇ ಹೇಳುತ್ತೆ

ದೊಡ್ಡ ಹಂದಿಗಳು ನೋಡಲು ಆರೋಗ್ಯವಾಗೇ ಇರುತ್ತವೆ. ಆದರೆ ಗಬ್ಬದ ಹಂದಿ ಕಂದು ಹಾಕಬಹುದು, ಸತ್ತ ಅಥವಾ ಒಣಗಿದ ಮರಿಗಳನ್ನು ಈಯಬಹುದು. 2022ರಲ್ಲಿ ಆಸ್ಟ್ರೇಲಿಯಾದ ಹಂದಿ ಫಾರಂಗಳಲ್ಲಿ ಹೀಗೆ ಮರಿಗಳು ಸತ್ತು ಹುಟ್ಟಿದ್ದನ್ನು ಪರೀಕ್ಷಿಸಿದಾಗಲೇ ಅಲ್ಲಿ ಈ ರೋಗ ಹರಡಿರುವುದು ಬಯಲಾಯಿತು. ಆದ್ದರಿಂದ ಇಂಥದ್ದು ಕಂಡರೆ "ನಮ್ಮ ಹಣೆಬರಹ" ಅಂತ ಹೂತುಹಾಕಿ ಸುಮ್ಮನಿರಬೇಡಿ. ಕೂಡಲೇ ಪಶುವೈದ್ಯರಿಗೆ ತಿಳಿಸಿ.

ನಕ್ಷೆ ಬರೆಯುವುದು ಹೇಗೆ?

1. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಊರಿನ ರಸ್ತೆ, ಮನೆಗಳನ್ನು ಬರೆಯಿರಿ. ಸೊಳ್ಳೆ ಒಂದೆರಡು ಕಿಲೋಮೀಟರ್ ಹಾರಬಲ್ಲದು. ಹಾಗಾಗಿ ಪಕ್ಕದ ಊರಿನ ಗದ್ದೆ, ಕೆರೆಯೂ ಬರಲಿ.
2. ನೀರು ನಿಲ್ಲುವ ಗದ್ದೆ, ಕೆರೆ, ಕಾಲುವೆಗೆ ನೀಲಿ ರಂಗೋಲಿ.
3. ಬೆಳ್ಳಕ್ಕಿ ಕೂರುವ ಮರಗಳಿಗೆ ಎಲೆ ಇಡಿ.
4. ಹಂದಿಗೂಡಿಗೆ ಇಟ್ಟಿಗೆ ಪುಡಿ.
5. 15 ವರ್ಷದೊಳಗಿನ ಒಂದೊಂದು ಮಗುವಿಗೂ ಆ ಮನೆ ಮೇಲೆ ಒಂದೊಂದು ಅವರೆಕಾಳು.

ನೀಲಿ, ಎಲೆ, ಇಟ್ಟಿಗೆ ಪುಡಿ ಮೂರೂ ಹತ್ತಿರ ಸೇರಿ, ಅಲ್ಲೇ ಅವರೆಕಾಳೂ ಹೆಚ್ಚಿದ್ದರೆ ಅದೇ ಹೆಚ್ಚು ಅಪಾಯದ ಜಾಗ. ಅಲ್ಲೊಂದು ಕಲ್ಲು ಇಡಿ. ಎಲ್ಲವನ್ನೂ ಚಾರ್ಟಿಗೆ ಇಳಿಸಿ, ಆಶಾ ಕಾರ್ಯಕರ್ತೆಗೂ ಪಂಚಾಯಿತಿಗೂ ಕೊಡಿ. ಭತ್ತದ ನಾಟಿ ಶುರುವಾದಾಗ ನಕ್ಷೆಯನ್ನು ಮತ್ತೊಮ್ಮೆ ನೋಡಿ.

ಒಂದು ಎಚ್ಚರಿಕೆ

ನಕ್ಷೆ ಇರುವುದು ಮಕ್ಕಳನ್ನು ಕಾಪಾಡಲು, ಹಂದಿ ಸಾಕುವ ಮನೆಯವರನ್ನು ದೂರಲು ಅಲ್ಲ. ಬಡವರ ಹೊಟ್ಟೆಪಾಡಿಗೆ ಕಲ್ಲು ಹಾಕಿದರೆ ಗದ್ದೆ ನೀರೂ ಹೋಗಲ್ಲ, ಹಕ್ಕಿಯೂ ಹೋಗಲ್ಲ. ಗೂಡನ್ನು ಮನೆಗಳಿಂದ ದೂರ ಕಟ್ಟಲು ಪಂಚಾಯಿತಿ ಜಾಗ ಕೊಡಲಿ ಅಂತ ಸಂಘವೇ ಅರ್ಜಿ ಹಾಕಬೇಕು. ಗೂಡಿಗೆ ಸೊಳ್ಳೆ ಬಲೆ ಕಟ್ಟಲು ಸಂಘದಿಂದ ಸಣ್ಣ ಸಾಲ ಕೊಡಬಹುದು.

ಕಲ್ಲಿಟ್ಟ ಜಾಗದಲ್ಲಿ ಮೊದಲು ಮಾಡಬೇಕಾದದ್ದು: ಮಕ್ಕಳು ಸೊಳ್ಳೆ ಪರದೆಯೊಳಗೆ ಮಲಗಲಿ. ಈ ಸೊಳ್ಳೆ ಕಚ್ಚುವುದು ಮುಸ್ಸಂಜೆ ಮತ್ತು ರಾತ್ರಿ, ಆಗ ಮೈತುಂಬ ಬಟ್ಟೆ ಹಾಕಿ. ರೋಗ ಇರುವ ಜಿಲ್ಲೆಗಳಲ್ಲಿ ಸರ್ಕಾರ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಲಸಿಕೆಯನ್ನು ಉಚಿತವಾಗಿ ಹಾಕುತ್ತದೆ. ತಾಯಿ ಕಾರ್ಡ್ ತೆಗೆದು ನೋಡಿ. ಜ್ವರದ ಜೊತೆ ಫಿಟ್ಸ್, ಮಂಪರು, ತಡಬಡ ಮಾತು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚರ್ಚೆಗೆ

• ನಮ್ಮ ನಕ್ಷೆಯಲ್ಲಿ ಎಷ್ಟು ಕಲ್ಲು ಬಿದ್ದವು? ಅಲ್ಲಿ ಎಷ್ಟು ಮಕ್ಕಳಿದ್ದಾರೆ?
• ಅವರಲ್ಲಿ ಯಾರಿಗೆ ಲಸಿಕೆ ಆಗಿಲ್ಲ?
• ಮುಂದಿನ ಸಭೆಯೊಳಗೆ ಯಾರು ಯಾವ ಮನೆಗೆ ಹೋಗುತ್ತೀರಿ? ಹೆಸರುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.