ಠೇವಣಿ ನಿಮ್ಮದೇ ಇರಲಿ

(ನಿಪ್ಪಾಣಿಯ ನಿವೃತ್ತ ಶಿಕ್ಷಕರ ಪ್ರಶ್ನೆ: ಥಾಯ್ಲೆಂಡ್‌ನ ನಿವೃತ್ತಿ ವೀಸಾಕ್ಕೆ ಬೇಕಾದ ಠೇವಣಿಯನ್ನು ತಾನೇ ತೋರಿಸುವುದಾಗಿ ಏಜೆಂಟ್ ಹೇಳುತ್ತಾನೆ. ಒಪ್ಪಲೇ?)

ಒಪ್ಪಬೇಡಿ, ಗುರುಗಳೇ. 50 ದಾಟಿದವರಿಂದ ಆ ದೇಶ ಕೇಳುವುದು ಸ್ವಂತ ಖಾತೆಯಲ್ಲಿ 8 ಲಕ್ಷ ಬಾತ್, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ. ಏಜೆಂಟ್ ತೋರಿಸಿದ ಹಣ ಕೆಲಸ ಮುಗಿದೊಡನೆ ಹಿಂದಿರುಗುತ್ತದೆ. ಪ್ರತಿ ವರ್ಷದ ನವೀಕರಣಕ್ಕೂ ನೀವು ಅವನಿಗೇ ಕೈಯೊಡ್ಡಬೇಕು, ಸಿಕ್ಕಿಬಿದ್ದರೆ ವೀಸಾ ಕಳೆದುಕೊಳ್ಳುವವರೂ ನೀವೇ. ಎಲ್ಲರೂ ಹೀಗೇ ಮಾಡುತ್ತಾರೆಂಬ ಮಾತು ಅಲ್ಲಿನ ಅಧಿಕಾರಿಯೆದುರು ನಿಲ್ಲದು. ಅರ್ಜಿ ತುಂಬಲು, ಕಾಗದಪತ್ರ ಜೋಡಿಸಲು ಏಜೆಂಟ್ ಇರಲಿ, ತಪ್ಪಿಲ್ಲ. ಶುಲ್ಕಕ್ಕೆ ರಸೀದಿ ಪಡೆಯಿರಿ. ಹಣವನ್ನು ನಿಮ್ಮ ಬ್ಯಾಂಕಿನಿಂದಲೇ ಕಳುಹಿಸಿ. ರಿಸರ್ವ್ ಬ್ಯಾಂಕ್ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಅನುಮತಿಸುತ್ತದೆ. ಪಿಂಚಣಿಯ ತೆರಿಗೆ ಬಗ್ಗೆ ಮೊದಲೇ ಚಿಕ್ಕೋಡಿಯಲ್ಲೋ ಬೆಳಗಾವಿಯಲ್ಲೋ ಲೆಕ್ಕಪರಿಶೋಧಕರನ್ನು ಕಾಣಿರಿ. ಅಷ್ಟು ಠೇವಣಿ ಆಗದಿದ್ದರೆ ಪ್ರವಾಸಿ ವೀಸಾದಲ್ಲಿ ಹೋಗಿಬನ್ನಿ.