ಲೈಂಗಿಕ ಒಲವು ಮತ್ತು ವಂಶವಾಹಿಗಳು

ಒಬ್ಬ ವ್ಯಕ್ತಿಗೆ ಯಾವ ಲಿಂಗದವರತ್ತ ಆಕರ್ಷಣೆ ಮೂಡುತ್ತದೆ ಎಂಬುದೇ ಲೈಂಗಿಕ ಒಲವು. ಇದರಲ್ಲಿ ವಂಶವಾಹಿಗಳ ಪಾಲುಂಟು. ಆದರೆ ಯಾವುದೇ ಒಂದು ವಂಶವಾಹಿ ಇದನ್ನು ನಿರ್ಧರಿಸುವುದಿಲ್ಲ. ಹೋಲಿಕೆಗೆ, ಎಚ್.ಡಿ. ಕೋಟೆ, ಹುಣಸೂರು ಕಡೆಯ ಗಿರಿಜನ ಹಾಡಿಗಳಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಗೆ 11ನೇ ವರ್ಣತಂತುವಿನ ಒಂದೇ ವಂಶವಾಹಿಯ ಬದಲಾವಣೆ ಕಾರಣ. ರಕ್ತ ಪರೀಕ್ಷೆಯಲ್ಲಿ ಅದು ಪತ್ತೆಯಾಗುತ್ತದೆ. ಒಲವಿಗೆ ಅಂಥ ಪರೀಕ್ಷೆ ಇಲ್ಲ, ಅದು ಕಾಯಿಲೆಯೂ ಅಲ್ಲ. ಎತ್ತರದ ಹಾಗೆ ಅದು ಹಲವು ವಂಶವಾಹಿಗಳು ಮತ್ತು ಪರಿಸರ ಸೇರಿ ರೂಪಿಸುವ ಗುಣ.

1991ರಲ್ಲಿ ಸಂಶೋಧಕರಾದ ಬೈಲಿ ಮತ್ತು ಪಿಲ್ಲಾರ್ಡ್ ಅಮೆರಿಕದ ಸಲಿಂಗಿ ಪುರುಷರ ಸಹೋದರರನ್ನು ಅಧ್ಯಯನ ಮಾಡಿದರು. ತದ್ರೂಪಿ ಅವಳಿಗಳಲ್ಲಿ ಶೇ 52, ತದ್ರೂಪಿಯಲ್ಲದ ಅವಳಿಗಳಲ್ಲಿ ಶೇ 22, ದತ್ತು ಸಹೋದರರಲ್ಲಿ ಶೇ 11 ಮಂದಿ ಸಲಿಂಗಿಗಳಾಗಿದ್ದರು. ವಂಶವಾಹಿಯೇ ಎಲ್ಲವೂ ಆಗಿದ್ದರೆ ಮೊದಲ ಅಂಕಿ ಶೇ 100 ಇರಬೇಕಿತ್ತು. 1993ರಲ್ಲಿ ವಿಜ್ಞಾನಿ ಡೀನ್ ಹ್ಯಾಮರ್ ಪುರುಷರ ಸಲಿಂಗ ಒಲವಿಗೆ ನಂಟಿರಬಹುದಾದ ಎಕ್ಸ್ ವರ್ಣತಂತುವಿನ ತುದಿಭಾಗವನ್ನು ಗುರುತಿಸಿದಾಗ ಪತ್ರಿಕೆಗಳು ‘ಗೇ ಜೀನ್’ ಎಂದು ಅವಸರದಲ್ಲಿ ಹೆಸರಿಟ್ಟವು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸುಮಾರು 4.77 ಲಕ್ಷ ಜನರ ಅಧ್ಯಯನ ಆ ಹೆಸರನ್ನು ಅಳಿಸಿತು. ಸಲಿಂಗ ವರ್ತನೆಯೊಂದಿಗೆ ನಂಟುಳ್ಳ ಐದು ವಂಶವಾಹಿ ತಾಣಗಳಷ್ಟೇ ಸ್ಪಷ್ಟವಾಗಿ ಕಂಡವು. ಪರೀಕ್ಷಿಸಿದ ಎಲ್ಲ ವಂಶವಾಹಿ ವ್ಯತ್ಯಾಸಗಳೂ ಸೇರಿ ಸಲಿಂಗ ವರ್ತನೆಯ ಭಿನ್ನತೆಯ ಶೇ 8ರಿಂದ 25ರಷ್ಟನ್ನು ಮಾತ್ರ ವಿವರಿಸಿದವು. ವ್ಯಕ್ತಿಯ ಒಲವನ್ನು ಇದರಿಂದ ಊಹಿಸಲಾಗದು.

ವೈದ್ಯಕೀಯ ಮತ್ತು ಕಾನೂನಿನ ನಿಲುವೂ ಬದಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಸಲಿಂಗಕಾಮವನ್ನು ರೋಗಪಟ್ಟಿಯಿಂದ ಕೈಬಿಟ್ಟಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಕೊಟ್ಟ ಶೇ 1ರ ಸಮತಲ ಮೀಸಲಾತಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸಂಬಂಧಿಸಿದ್ದು, ಲೈಂಗಿಕ ಒಲವಿಗಲ್ಲ.