ಪರಾವರ್ತಿತ ಕ್ರಿಯೆಯ ಪಾಠದಲ್ಲಿ ಗಿಲನ್-ಬಾರೆ

ಅಭ್ಯಾಸ ಬೋಧನೆಗೆಂದು ಕಂಪಲಾಪುರದ ಪ್ರೌಢಶಾಲೆಗೆ ಹೋದಾಗ ಹತ್ತನೇ ತರಗತಿಗೆ ಪರಾವರ್ತಿತ ಕ್ರಿಯೆಯನ್ನು ಗಿಲನ್-ಬಾರೆ ಸಿಂಡ್ರೋಮ್‌ನ ಉದಾಹರಣೆಯಿಂದ ವಿವರಿಸಿದೆ. ಮಂಡಿಯ ಕೆಳಗೆ ತಟ್ಟಿದರೆ ಕಾಲು ತಾನಾಗಿ ಒದೆಯುವುದನ್ನು ಮಕ್ಕಳು ಮಾಡಿ ನೋಡಿದರು. ಈ ಕಾಯಿಲೆಯಲ್ಲಿ ಆ ಒದೆತ ಕುಗ್ಗುತ್ತದೆ ಇಲ್ಲವೇ ನಿಂತೇಹೋಗುತ್ತದೆ. ವೈದ್ಯರು ಮೊದಲು ನೋಡುವ ಗುರುತುಗಳಲ್ಲಿ ಅದೂ ಒಂದು.

ಭೇದಿಯೋ ಜ್ವರವೋ ಬಂದುಹೋದ ಕೆಲವು ವಾರಗಳಲ್ಲಿ ರೋಗನಿರೋಧಕ ವ್ಯವಸ್ಥೆ ನರಗಳ ಮೇಲೆಯೇ, ಹೆಚ್ಚಾಗಿ ಅವುಗಳ ಮಯಲಿನ್ ಪೊರೆಯ ಮೇಲೆ, ತಿರುಗಿಬೀಳುತ್ತದೆ. ಕಾಲಿನಲ್ಲಿ ಶುರುವಾದ ನಿಶ್ಶಕ್ತಿ ಮೇಲಕ್ಕೇರುತ್ತದೆ. ಪೊರೆಗೆ ಹೋಲಿಕೆಯಾಗಿ ಪಂಪ್‌ಸೆಟ್ ವೈರಿನ ಹೊದಿಕೆ ತೋರಿಸಿದೆ. ಆದರೆ ಸುಲಿದ ವೈರು ಹೊದಿಕೆ ಬೆಳೆಸಿಕೊಳ್ಳದು, ನರ ಬೆಳೆಸಿಕೊಳ್ಳುತ್ತದೆ. ಹಾಗಾಗಿ ಹೆಚ್ಚಿನ ಮಕ್ಕಳು ಮತ್ತೆ ನಡೆಯುತ್ತಾರೆ.

ನರವಹನ ಪರೀಕ್ಷೆ ಮತ್ತು ಬೆನ್ನಿನಿಂದ ತೆಗೆದ ದ್ರವದ ಪರೀಕ್ಷೆ ರೋಗನಿರ್ಣಯಕ್ಕೆ ನೆರವಾಗುತ್ತವೆ. ಮೊದಲ ವಾರ ದ್ರವದಲ್ಲಿ ಪ್ರೋಟೀನ್ ಏರದೆಯೂ ಇರಬಹುದು. ಇಮ್ಯುನೊಗ್ಲಾಬ್ಯುಲಿನ್ ಅನ್ನು ರಕ್ತನಾಳಕ್ಕೆ ಕೊಡುವುದು ಅಥವಾ ಪ್ಲಾಸ್ಮಾ ಬದಲಿಸುವುದು ಚಿಕಿತ್ಸೆ. ಸ್ಟೀರಾಯ್ಡ್ ಇಲ್ಲಿ ಫಲ ಕೊಡದು. ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರ್ ಬೇಕು.

‘ಇದು ಪೋಲಿಯೊ ಅಲ್ವಾ ಮಿಸ್?’ ಹಿಂದಿನ ಬೆಂಚಿನ ಈ ಪ್ರಶ್ನೆಗೆ ಹತ್ತು ನಿಮಿಷ ಹೋಯಿತು; ಹೋಗಲೇಬೇಕಿತ್ತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಆದರೂ 15 ವರ್ಷದೊಳಗಿನ ಮಗುವಿನ ಕೈಕಾಲು ದಿಢೀರನೆ ಜೋಲುಬಿದ್ದರೆ ಆಸ್ಪತ್ರೆ ವರದಿ ಮಾಡಬೇಕು, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ತೆಗೆಯಬೇಕು.

ನಿನ್ನೆ ಮೆಟ್ಟಿಲು ಹತ್ತಿದ ಮಗು ಇಂದು ನೆಲದಿಂದ ಏಳಲು ಪರದಾಡಿದರೆ ‘ನಾಟಕ’ ಎನ್ನಬೇಡಿ. ಅದೇ ದಿನ ಪೋಷಕರನ್ನು ಕರೆಸಿ, ಯಾವತ್ತಿನಿಂದ, ಒಂದೇ ಕಾಲೋ ಎರಡೂ ಕಾಲೋ ಎಂದು ಚೀಟಿಯಲ್ಲಿ ಬರೆದುಕೊಟ್ಟು ಆಸ್ಪತ್ರೆಗೆ ಕಳಿಸಿ.